ಮೇಡಂ ಹಾಜರಿ ತೆಗೆದುಕೊಳ್ಳುತ್ತಿದ್ದ ರೀತಿ

ನಾಯಂಡಹಳ್ಳಿ ಹತ್ತಿರದ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಡಂ ಒಬ್ಬರು ಹಾಜರಿಗೆ ಹೆಸರು ಕೂಗುತ್ತಿರಲಿಲ್ಲ. ಒಬ್ಬೊಬ್ಬರ ಮಣಿಕಟ್ಟು ಹಿಡಿದು ನಾಡಿ ನೋಡಿ, "ಹೂಂ, ಬಂದಿದೀಯ" ಅನ್ನುತ್ತಿದ್ದರು.

ವಾರ್ಡಿನಲ್ಲಿ ಮೊದಲ ಸಾವು ಕಂಡ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಆದರೂ ಒಂದು ದಿನ ಹಾಜರಿಯ ಹೊತ್ತಿಗೆ "ಚೆನ್ನಾಗಿದೀನಿ ಮೇಡಂ" ಅಂದೆ. ನನ್ನ ನಾಡಿ ಹಿಡಿದವರು, "ನೀನಿನ್ನೂ ಬಂದಿಲ್ಲ ಕಣೇ" ಅಂದು ಕೈ ಬಿಡಲೇ ಇಲ್ಲ. ನನ್ನ ಬೆಂಚಿನ ಪಕ್ಕದಲ್ಲೇ ನಿಂತು ಇಡೀ ಪಾಠ ಮುಗಿಸಿದರು. ನಾನು ಅಳುತ್ತಲೇ ಇದ್ದೆ. ಅವರ ದನಿ ಒಂದಿಷ್ಟೂ ಅಲುಗಲಿಲ್ಲ.

ಬೆಲ್ ಹೊಡೆದಾಗ ಎಲ್ಲರೆದುರೇ ಹೇಳಿದರು: "ನಡಿ, ಮನಸ್ಸಿನ ಡಾಕ್ಟರ ಹತ್ರ ಹೋಗೋಣ. ನನಗೂ ಇವತ್ತು ಮಾತ್ರೆ ಬರೆಸ್ಕೋಬೇಕು."

ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಸದಾ ನಗುತ್ತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ತನ್ನ ಮಣಿಕಟ್ಟನ್ನು ಮೇಡಂ ಕಡೆಗೆ ಚಾಚಿದಳು.