ಮನುಷ್ಯರ ಜಾಗದಲ್ಲಿ ರೋಬೋಟ್‌ಗಳಿದ್ದ ಆಟ

ಹಳೆಯ ವಿಡಿಯೋ ಗೇಮ್ ಆಡಿದರೆ ಬಾಲ್ಯ ವಾಪಸ್ ಬರುತ್ತದಂತೆ. ಪರದೇಶಕ್ಕೆ ಹೋದವರು ರಜೆಗೆ ಊರಿಗೆ ಬಂದಾಗಲೆಲ್ಲ ಇದನ್ನೇ ಹೇಳುತ್ತಾರೆ. ಲ್ಯಾಪ್‌ಟಾಪಿಗೆ ಹಳೆಯ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್, ಎಮ್ಯುಲೇಟರ್, ಹಾಕಿಕೊಂಡೆವು, ಆ ಸಂಗೀತ ಕೇಳಿದ್ದೇ ತಡ ಕಣ್ಣು ತುಂಬಿತು, ಊರು ಎದುರಿಗೆ ಬಂದು ನಿಂತಿತು ಎಂದು. ನನ್ನದೊಂದು ತಕರಾರಿದೆ. ಬಂದದ್ದು ನಿಮ್ಮದೇ ಬಾಲ್ಯ ಹೌದೋ ಅಲ್ಲವೋ ಎಂದು ಸರಿಯಾಗಿ ನೋಡಿಕೊಂಡಿರಾ? ನನ್ನೆದುರು ಬಂದದ್ದಂತೂ ಬೇರೆ ಯಾರದೋ.

ಲಂಡನ್ನಿನ ಹೇಸ್‌ಗೆ ಬಂದ ಮೊದಲ ಚಳಿಗಾಲದ ಮಾತು. ಹತ್ತಿರದ ಕಮ್ಯುನಿಟಿ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಹಳೆಯ ಗೇಮ್ ಆಡುವವರು ಸೇರುತ್ತಾರೆಂದು ತಿಳಿದು ಹೋದೆ. ಸಾಲಾಗಿ ಹಳೆಯ ಡಬ್ಬಾ ಟಿವಿಗಳು. ಅದರಲ್ಲೊಂದರಿಂದ ನನಗೆ ಬಾಯಿಪಾಠವಾಗಿದ್ದ ಸಂಗೀತ. ಇಬ್ಬರು ಸೈನಿಕರು ಬಂದೂಕು ಹಿಡಿದು ಕಾಡಿನಲ್ಲಿ ಓಡುವ ಆಟ ಅದು; ಧಾರವಾಡದಲ್ಲಿ ನನ್ನ ಅಣ್ಣ ಬಸು ಮತ್ತು ನಾನು ಬೇಸಿಗೆ ರಜೆಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದೆವು. ಓಡಿಹೋಗಿ ನೋಡಿದೆ. ಕಾಡು ಅದೇ, ಸೇತುವೆ ಅದೇ. ಓಡುತ್ತಿದ್ದವರು ಮಾತ್ರ ಮನುಷ್ಯರಲ್ಲ, ಎರಡು ರೋಬೋಟ್‌ಗಳು.

"ಇದು ಕೆಟ್ಟುಹೋಗಿದೆ," ಎಂದೆ.

ಕೂಟ ನಡೆಸುವ ಕೋಲಿನ್, ನರೆತ ಗಡ್ಡದವನು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಕೆಟ್ಟಿಲ್ಲ. ಇದೇ ಒರಿಜಿನಲ್."

ಮನುಷ್ಯರು ಮನುಷ್ಯರಿಗೆ ಗುಂಡು ಹೊಡೆಯುವುದನ್ನು ಮಕ್ಕಳಿಗೆ ತೋರಿಸಬಾರದೆಂದು ಯುರೋಪಿನಲ್ಲಿ ಮಾರುವಾಗ ಹಾಗೆ ಬದಲಾಯಿಸಿದ್ದರಂತೆ. ಇಲ್ಲಿಯವರ ಬಾಲ್ಯದಲ್ಲಿ ರೋಬೋಟ್‌ಗಳೇ ಓಡಿದ್ದು. ನಮ್ಮಲ್ಲಿದ್ದದ್ದು ಹೆಸರಿಲ್ಲದ ಒಂದು ನಕಲಿ ಟಿವಿ ಗೇಮ್, ಹಳದಿ ಕ್ಯಾಸೆಟ್, ಶುರುವಿಗೇ ಮೂವತ್ತು ಲೈಫ್, ಅಂದರೆ ಮೂವತ್ತು ಸಲ ಸಾಯಬಹುದು. ಇಲ್ಲಿ ಎರಡೋ ಮೂರೋ ಲೈಫ್. ಕ್ಯಾಸೆಟ್ ಎಂದಾಗಲೂ ತಿದ್ದಿದರು: ಕ್ಯಾಸೆಟ್ ಎಂದರೆ ಹಾಡು ಕೇಳುವುದು, ಇದು ಕಾರ್ಟ್ರಿಡ್ಜ್. ಜೊತೆಗೆ ಕೂಟದ ನಿಯಮ: ಅಸಲಿ ಯಂತ್ರ, ಅಸಲಿ ಕಾರ್ಟ್ರಿಡ್ಜ್ ಮಾತ್ರ. ಎಮ್ಯುಲೇಟರ್ ಒಳಗೆ ಬರಕೂಡದು. ನಕಲಿಯಂತೂ ಇಲ್ಲವೇ ಇಲ್ಲ.

ತಿದ್ದಿಸಿಕೊಳ್ಳುವುದೇ ಇಲ್ಲಿನ ಬದುಕು ಎಂದು ಆಮೇಲೆ ಗೊತ್ತಾಯಿತು. ನಾನಿರುವುದು ಟೆರೇಸ್ ಮನೆಯೊಂದರ ಬಾಡಿಗೆ ಕೋಣೆಯಲ್ಲಿ. ನಮ್ಮಲ್ಲಿ ಟೆರೇಸ್ ಎಂದರೆ ಹಪ್ಪಳ ಒಣಗಿಸುವ ಜಾಗ. ಇಲ್ಲಿ ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡ ಮನೆಗಳ ಸಾಲು. ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ಜೋಳದ ಹಿಟ್ಟು ಸಿಕ್ಕಿದ ದಿನ ಗೆದ್ದೆ ಅಂದುಕೊಂಡೆ. ರೊಟ್ಟಿ ಬಡಿಯತೊಡಗಿದ ಕೂಡಲೇ ಪಕ್ಕದವರು ಆ ಕಡೆಯಿಂದ ಗೋಡೆ ಬಡಿದರು. ರೊಟ್ಟಿ ಬೇಯುವ ಹೊತ್ತಿಗೆ ಹೊಗೆಯ ಅಲಾರಂ ಹೊಡೆದುಕೊಂಡಿತು. ಕನ್ನಡದವರ ಕೂಟಕ್ಕೆ ಹೋದರೆ ಅಲ್ಲಿ ಮೈಸೂರಿನ ಡಾಕ್ಟರ್ ಮನೆಯವರು, ಕುಂದಾಪುರದ ಹೋಟೆಲಿನವರು, ಎಲ್ಲರೂ ಸೇರಿ ಬೆಂಗಳೂರಿನ ಕನ್ನಡ ಆಡುತ್ತಾರೆ. ನನ್ನ 'ಐತಿ' ಕೂಡ ಯಾರೂ ಹೇಳದೆಯೇ 'ಇದೆ' ಆಗಿಬಿಡುತ್ತದೆ. ಅದರ ಮೇಲೆ ನನಗೇ ಸಿಟ್ಟು.

ಬಸುವಿಗೆ ನನ್ನ ಮೇಲೆ ಸಿಟ್ಟಿರುವುದು ಬೇರೆ ಕಾರಣಕ್ಕೆ. ಓದು ಮುಗಿಸಿ ವಾಪಸ್ ಬರುತ್ತೇನೆ ಎಂದು ಹೇಳಿ ಬಂದವಳು, ಇಲ್ಲೇ ಆಫೀಸು ಸೇರಿಕೊಂಡೆ. ಅವನು ಧಾರವಾಡದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಾನೆ. ಅದರ ಮೇಲಿನ ಕೋಣೆಯನ್ನು ನನ್ನ ಇಂಗ್ಲಿಷ್ ಕ್ಲಾಸಿಗೆಂದು ಇನ್ನೂ ಖಾಲಿ ಇಟ್ಟಿದ್ದಾನೆ. ಫೋನಿನಲ್ಲಿ ಈ ಮಾತು ಬಂದರೆ ಜಗಳ, ಬರದಿದ್ದರೆ ಊಟವಾಯಿತಾ ಎಂಬಷ್ಟೇ. ಕಡೆಗೆ ಇಬ್ಬರೂ ಎಮ್ಯುಲೇಟರ್ ಹಾಕಿಕೊಂಡು ನೆಟ್ ಮೂಲಕ ಆ ಆಟ ಆಡೋಣ ಅಂದುಕೊಂಡೆವು. ಅವನು ಅಲ್ಲಿ ಒತ್ತಿದ್ದು ಇಲ್ಲಿಗೆ ತಡವಾಗಿ ತಲುಪುತ್ತಿತ್ತು. ಅಷ್ಟರಲ್ಲಿ ಇಬ್ಬರೂ ಸತ್ತಿರುತ್ತಿದ್ದೆವು.

"ಏ ಸವಿ, ಜಿಗಿ ಅಂದೆನಲ್ಲ?"

"ಜಿಗದೇನಿ. ನಿನ್ನ ನೆಟ್ ಛಲೋ ಇಲ್ಲ."

"ನನ್ನ ನೆಟ್ ಛಲೋನ ಐತಿ. ನೀನ ದೂರ ಕುಂತೀದಿ."

ಆಮೇಲೊಂದು ದಿನ ಹೇಳಿದ, ಎರಡು ವಾರಕ್ಕೆ ಲಂಡನ್ನಿಗೆ ಬರುತ್ತೇನೆ, ಎದುರಿಗೇ ಕೂತು ಕೇಳುತ್ತೇನೆ, ಊರಿಗೆ ವಾಪಸ್ ಬರುತ್ತೀಯೋ ಇಲ್ಲವೋ ಎಂದು. ಆ ಪ್ರಶ್ನೆ ಬರುವ ಮೊದಲು ಒಂದೇ ಒಂದು ಮಧ್ಯಾಹ್ನ ನಾವಿಬ್ಬರೂ ಒಂದೇ ಪಕ್ಷದಲ್ಲಿರಬೇಕು ಅನ್ನಿಸಿತು. ನಮ್ಮ ಟಿವಿ ಗೇಮನ್ನೇ ತೆಗೆದುಕೊಂಡು ಬಾ ಎಂದೆ. ನನ್ನ ಬಾಡಿಗೆ ಕೋಣೆಯಲ್ಲಿ ಟಿವಿ ಇಲ್ಲ. ಡಬ್ಬಾ ಟಿವಿ ಇರುವುದು ಕೋಲಿನ್ ಹತ್ತಿರ. ಹೋಗಿ ಕೇಳಿದೆ.

"ನಕಲಿ ಬೇಡ," ಎಂದ.

"ನಿಮ್ಮದರಲ್ಲಿ ಮನುಷ್ಯರನ್ನು ತೆಗೆದು ರೋಬೋಟ್ ಹಾಕಿದ್ದಾರೆ. ಅದೂ ತಿದ್ದಿದ ಆಟವೇ ಅಲ್ಲವಾ?"

"ತಿದ್ದಿದವರು ಆಟ ಮಾಡಿದವರೇ. ನಿಮ್ಮದನ್ನು ತಿದ್ದಿದವನು ಕಳ್ಳ."

"ಆಟ ಮಾಡಿದವರು ನಮ್ಮೂರಿನ ಕಡೆ ತಲೆ ಹಾಕಲಿಲ್ಲ. ಕಳ್ಳ ಬಂದ. ಹಾಗಿದ್ದ ಮೇಲೆ ನನಗೆ ಒರಿಜಿನಲ್ ಯಾವುದು?"

ಕೋಲಿನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನೀವು ವಕೀಲರಾ?"

"ಇಲ್ಲ. ಕಾಲೇಜಿನಲ್ಲಿ ಡಿಬೇಟ್ ಮಾಡುತ್ತಿದ್ದೆ."

"ಅದು ಇನ್ನೂ ಕಷ್ಟ. ತನ್ನಿ. ಮೂಲೆಯ ಟಿವಿಗೆ ಹಾಕಿಕೊಳ್ಳಿ."

ಬಸು ಬಂದ. ಬನಿಯನ್ನಿನಲ್ಲಿ ಸುತ್ತಿದ ಟಿವಿ ಗೇಮಿಗೆ ಶೇಂಗಾ ಚಟ್ನಿಪುಡಿಯ ವಾಸನೆ ಹತ್ತಿತ್ತು. ಶನಿವಾರ ಕೋಲಿನ್ ತಾನೇ ನಿಂತು ವೈರು ಜೋಡಿಸಿದ. ಪರದೆ ಒಮ್ಮೆ ನಡುಗಿ ನಿಂತಿತು. ಮನುಷ್ಯರು ಓಡತೊಡಗಿದರು. ನನ್ನ ಕೈಗೆ ಎಲ್ಲವೂ ನೆನಪಿತ್ತು. ಪಕ್ಕದಲ್ಲಿ ಅಣ್ಣ, ಅವನ ಮೊಣಕೈ ನನಗೆ ತಾಗುತ್ತಿತ್ತು, ಒತ್ತಿದ ಕೂಡಲೇ ಜಿಗಿತ. ಮೊದಲ ಹಂತ ಮುಗಿಯುವ ತನಕ ನಾನು ಯಾವ ದೇಶದಲ್ಲಿದ್ದೇನೆಂಬುದೇ ಬೇಕಾಗಿರಲಿಲ್ಲ.

ಬಸು ಕುತ್ತಿಗೆ ತಿರುಗಿಸಿ ಪಕ್ಕದ ಟಿವಿ ನೋಡಿದ. "ಅದೇನಲೇ ಅದು, ರೋಬೋಟ್ ಏನು?"

ಎದ್ದುಹೋದವನು ಅಲ್ಲಿ ಆಡುತ್ತಿದ್ದ ಕೋಲಿನ್ ಪಕ್ಕದಲ್ಲಿ ಕೂತುಬಿಟ್ಟ. ಅವನ ಇಂಗ್ಲಿಷ್ ಇವನಿಗಿಲ್ಲ, ಇವನ ಕನ್ನಡ ಅವನಿಗಿಲ್ಲ. ಸತ್ತಾಗ ಮಾತ್ರ ಇಬ್ಬರೂ ಒಟ್ಟಿಗೆ ನಕ್ಕರು. ಇರುವಷ್ಟು ಲೈಫ್ ಮುಗಿದವು, ಮತ್ತೆ ಮೊದಲಿನಿಂದ ಶುರು, ಮತ್ತೆ ಮುಗಿದವು. ನಾನು ಒಬ್ಬಳೇ ಮೂಲೆಯಲ್ಲಿ ಆಟ ನಿಲ್ಲಿಸಿಕೊಂಡು ಕೂತಿದ್ದೆ.

"ಸವಿ, ಇದರಾಗ ಖರೇ ಮಜಾ ಐತಿ. ನಮ್ಮದು ಬರೇ ಲೈಫ್ ಮ್ಯಾಲ ನಡೀತಿತ್ತು."

"ಅದು ನಮ್ಮ ಆಟ ಅಲ್ಲಣ್ಣ. ಇಲ್ಲಿ ಬಾ."

"ಅದನ್ನ ಆಡಿ ಆಡಿ ಸಾಕಾಗೇತಿ ಬಿಡವಾ."

ಆ ಕ್ಯಾಸೆಟ್ಟಿಗಾಗಿ ನಾನು ಒಂದು ಹಾಲ್‌ನ ನಿಯಮವನ್ನೇ ಮುರಿಸಿದ್ದೆ. ಅದನ್ನು ಬಿಟ್ಟು ಬಂದವಳು ನಾನು, ಇಟ್ಟುಕೊಂಡವನು ಅವನು. ಆದರೂ ಕಚ್ಚಿಕೊಂಡು ಕೂತದ್ದು ನಾನೇ. ಧಾರವಾಡದಲ್ಲಿದ್ದರೆ ನನಗೂ ಸಾಕಾಗಿರುತ್ತಿತ್ತೋ ಏನೋ. ಡಿಬೇಟಿನಲ್ಲಿ ಎರಡೂ ಪಕ್ಷ ವಹಿಸಿ ಮಾತಾಡಲು ಕಲಿತವಳಿಗೆ ಅವತ್ತು ಯಾವ ಪಕ್ಷವೂ ತನ್ನದು ಅನ್ನಿಸಲಿಲ್ಲ.

ಬಸು ಪರದೆಯಿಂದ ಕಣ್ಣು ಕೀಳದೆಯೇ ಹೇಳಿದ: "ಮ್ಯಾಲಿನ ಖೋಲಿಗೆ ಬಣ್ಣ ಹಚ್ಚಿಸೇನಿ. ಯಾವಾಗ ಬರ್ತಿ?"

ಎದ್ದುಹೋಗಿ ಅವನ ಕುರ್ಚಿಯ ಹಿಂದೆ ನಿಂತೆ.

"ಅಣ್ಣಾ," ಎಂದೆ, "ಹಳೇದು ನಿನಗ ಸಾಕಾಗೇತಿ ಅಂದ ಮ್ಯಾಲ, ನನ್ನ ಯಾಕ ಅದಕ್ಕ ಕರಿಯಾಕ ಬಂದಿ?"