ಕಿವಿಯ ಹಿಂದೆ ಒಂದು ಪುಟ್ಟ ಸ್ಕ್ರೂ

ಹೊಣಕೆರೆ ಹತ್ತಿರದ ನಮ್ಮೂರ ಅಂಗನವಾಡಿಯಲ್ಲಿ ನಾನು ಟೀಚರ್. ಚಿಕ್ಕಂದಿನಿಂದ ನನ್ನ ಎರಡೂ ಕಿವಿ ಸೋರುತ್ತಿದ್ದವು. ಆಪರೇಷನ್ ಆಗಿ ಸೋರುವುದು ನಿಂತರೂ ಕೇಳಿಸುವುದು ಮಂದವಾಗಿಯೇ ಉಳಿಯಿತು. ಕಿವಿಯೊಳಗೆ ಕೇಳಿಸುವ ಮಿಷನ್ನು ಇಟ್ಟರೆ ವಾರದೊಳಗೆ ಮತ್ತೆ ಕೀವು. ಎದುರಿನವರ ತುಟಿ ನೋಡಿಕೊಂಡೇ ಕಾಲ ಹಾಕುತ್ತಿದ್ದೆ.

ಹೋದ ವರ್ಷ ಒಂದು ದಿನ ಬೋರ್ಡಿನ ಮೇಲೆ ಹಸುವಿನ ಚಿತ್ರ ಬರೆಯುತ್ತಿದ್ದೆ. ಮೂರು ವರ್ಷದ ಹುಡುಗಿಯೊಬ್ಬಳು ಹಿಂದಿನಿಂದ ಕರೆದೂ ಕರೆದೂ, ಕೊನೆಗೆ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಳು. ಸಹಾಯಕಿ ಬಂದು ತೋರಿಸಿದಾಗಲೇ ನನಗೆ ಗೊತ್ತಾದದ್ದು. ಮಗುವಿನ ಕಾಲು ತೊಳೆಸುತ್ತಾ ನನಗೂ ಅಳು ಬಂತು.

ಮೈಸೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಕಿವಿ ಹಿಂದಿನ ಮೂಳೆಗೆ ಸಣ್ಣ ಸ್ಕ್ರೂ ಕೂರಿಸ್ತೀವಮ್ಮ. ಅದಕ್ಕೆ ಮಿಷನ್ನು ಸಿಕ್ಕಿಸಿದರೆ ಶಬ್ದ ಮೂಳೆಯಿಂದಲೇ ಒಳಕ್ಕೆ ಹೋಗುತ್ತೆ," ಎಂದರು.

ಮೂಳೆ ಕೊರೆಯುತ್ತಾರೆಂದು ಕೇಳಿ ಅವ್ವ ಗೋಳಾಡಿದಳು. "ನೀನು ಸಣ್ಣೋಳಿದ್ದಾಗ ಕಿವಿನೋವು ಅಂತ ಅತ್ತಾಗ ಬೆಳ್ಳುಳ್ಳಿ ಎಣ್ಣೆ ಬುಟ್ಟೆ ಕಣವ್ವ. ಅದ್ಕೇ ಇಂಗಾಗಿದ್ದು."

ಆದರೂ ಆಪರೇಷನ್ ದಿನ ಜತೆಗೆ ಬಂದವಳು ಅವಳೇ. ನನಗೆ ಎಚ್ಚರವಿತ್ತು, ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ಹಿಂದೆಲ್ಲ ಉದ್ದಕ್ಕೆ ಕೊಯ್ಯುತ್ತಿದ್ದರಂತೆ. ನನಗೆ ಕಡಲೆಕಾಳಿನಷ್ಟು ತೂತು, ಹೊಲಿಗೆಯೂ ಇಲ್ಲ. ಡ್ರಿಲ್ ತಿರುಗಿದಾಗ ತಲೆಯೊಳಗೆ ರಾಗಿ ಮಿಲ್ಲು ಓಡಿದಂತಾಯಿತು, ನೋವಾಗಲಿಲ್ಲ. ನರ್ಸಿನ ಕೈಯನ್ನು ಮಾತ್ರ ಬಿಡಲಿಲ್ಲ. ಅರ್ಧ ಗಂಟೆಯೊಳಗೆ ಮುಗಿಯಿತೆಂದು ಎದ್ದು ಕೂರಿಸಿದರು. ಹೊರಗೆ ಅವ್ವ ನನ್ನ ಜಡೆ ಮುಟ್ಟಿ ನೋಡಿ, "ಕೂದ್ಲು ಬೋಳಿಸ್ನಿಲ್ವಾ!" ಎಂದು ಬೆಂಚಿನ ಮೇಲೆ ಕುಸಿದಳು.

ಕೆಲವು ವಾರ ಕಳೆದು, ಸ್ಕ್ರೂ ಮೂಳೆಗೆ ಗಟ್ಟಿಯಾಗಿ ಕೂತಮೇಲೆ ಮಿಷನ್ನು ಸಿಕ್ಕಿಸಿದರು. ಫ್ಯಾನು, ಎಳೆದ ಕುರ್ಚಿ, ಹೊರಗೆ ಯಾರದೋ ಚಪ್ಪಲಿ, ಎಲ್ಲದರ ಸದ್ದೂ ಒಮ್ಮೆಲೇ ನುಗ್ಗಿತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, ಅವ್ವನ ಮುಂದೆಯೇ ಡಾಕ್ಟರನ್ನು ಎಣ್ಣೆಯ ವಿಷಯ ಕೇಳಿದೆ.

"ಸೋಂಕಿನಿಂದ ಕಿವಿತಮಟೆ ಹಾಳಾಗಿತ್ತು ತಾಯಿ. ಎಣ್ಣೆ ಹಾಕಬಾರದು ನಿಜ, ಆದರೆ ಇದು ಅದರಿಂದ ಬಂದದ್ದಲ್ಲ," ಎಂದು ಅವರು ಅವ್ವನ ಕಡೆ ತಿರುಗಿ ಹೇಳಿದರು.

ವಾಪಸ್ ಬರುವಾಗ ಪಾಂಡವಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಅವ್ವ ತಾನಾಗಿಯೇ ಹೋಟೆಲಿಗೆ ನಡೆದು ಎರಡು ಮಸಾಲೆ ದೋಸೆ ಹೇಳಿದಳು.

"ಅಂಗಾರೆ ನಂದಲ್ಲ ತೆಪ್ಪು?"

"ಅಲ್ಲ ಕಣವ್ವ."

ಅವಳು ದೋಸೆ ಮುರಿದು ಚಟ್ನಿಗೆ ಅದ್ದಿದಳು. ತಟ್ಟೆ ಖಾಲಿ ಮಾಡಿ, "ಇನ್ನೊಂದ್ ತರ್ಸ್ಲಾ?" ಎಂದಳು.