ಮನೆ ಹೆಸರು ಬರೆದ ತಪ್ಪು

"ಮೀ ಇಂಟಿ ಪೇರು ಏಮಿಟಂಡಿ?"

ತೊಂಬತ್ತರ ದಶಕದ ಆರಂಭ. ವಿಶಾಖಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲಕಿಯ ಮೊದಲ ಪ್ರಶ್ನೆ ಇದು: ನಿಮ್ಮ ಮನೆತನದ ಹೆಸರೇನು? ಬ್ಯಾಂಕ್ ಅಧಿಕಾರಿ, ದಾವಣಗೆರೆಯಿಂದ ವರ್ಗವಾಗಿ ಬಂದವಳು ಎಂದರೆ ಆಕೆಗೆ ಸಾಲದು. ನನಗಿದ್ದದ್ದು ಎರಡು ಇನಿಷಿಯಲ್ ಅಷ್ಟೇ, ಒಂದು ಊರಿನದು, ಒಂದು ಅಪ್ಪನದು. ಹಿಂದೆ ಮುಂದೆ ಯಾರೂ ಇಲ್ಲದವಳನ್ನು ನೋಡುವ ಹಾಗೆ ನೋಡಿ, ಅಂತೂ ಮನೆ ಕೊಟ್ಟಳು.

ಪಕ್ಕದ ವಾಟಾದಲ್ಲಿ, ಎಂದರೆ ಅದೇ ಮನೆಯ ಇನ್ನೊಂದು ಪಾಲಿನಲ್ಲಿ, ಸತ್ಯವತಿ ಇದ್ದಳು. ತಾಯಿ ಬಳ್ಳಾರಿಯವಳಾದ್ದರಿಂದ ಅವಳಿಗೆ ಮುರುಕು ಕನ್ನಡ ಬರುತ್ತಿತ್ತು. ನಮ್ಮಲ್ಲಿ ಖಾರ ಎಂದರೆ ಏನೆಂದೇ ಗೊತ್ತಿಲ್ಲ ಎಂಬುದು ಅಲ್ಲಿನ ಗೋಂಗೂರ ಪಚ್ಚಡಿ, ಅದೇ ಪುಂಡಿಸೊಪ್ಪಿನ ಚಟ್ನಿ, ತಿಂದ ದಿನ ತಿಳಿಯಿತು. ಕಣ್ಣಲ್ಲಿ ನೀರು ಸುರಿಸುತ್ತ ಕೂತವಳಿಗೆ ಮಜ್ಜಿಗೆ ತಂದುಕೊಟ್ಟವಳು ಸತ್ಯವತಿ. ಆ ಊರಲ್ಲಿ ನಾನು ಬಾಯಿಬಿಟ್ಟು ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆ. ಊರಾಚೆ ದುವ್ವಾಡದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮನೆ ನಡೆಯುತ್ತಿದ್ದುದೇ ಅದರಿಂದ.

ಒಂಟಿತನ ತಡೆಯಲಾರದೆ ಸಂಜೆ ಕಾಲೇಜಿಗೆ ಸೇರಿದೆ. ಅಲ್ಲಿ ವ್ಯಾಪಾರದ ನೀತಿಶಾಸ್ತ್ರ ಎಂಬ ವಿಷಯವಿತ್ತು. ಒಂದು ಸಿದ್ಧಾಂತ, ಎಷ್ಟು ಜನಕ್ಕೆ ಎಷ್ಟು ಒಳಿತಾಯಿತು ಎಂದು ತೂಗು ಎನ್ನುತ್ತದೆ. ಇನ್ನೊಂದು, ಫಲ ಏನೇ ಇರಲಿ, ಮನುಷ್ಯರನ್ನು ನಿನ್ನ ಕೆಲಸದ ಸಲಕರಣೆ ಮಾಡಿಕೊಳ್ಳಬೇಡ ಎನ್ನುತ್ತದೆ. ನಿಮಗೆ ಗೊತ್ತಿರುವ ಯಾವುದಾದರೂ ನಿರ್ಧಾರವನ್ನು ಇವೆರಡರಿಂದಲೂ ಅಳೆದು ಬರೆಯಿರಿ ಎಂದರು ಮೇಷ್ಟ್ರು. ಸತ್ಯವತಿ ಹೇಳಿದ್ದು ನೆನಪಾಯಿತು: ಹೊಲಿಯುವ ಹೊತ್ತಿನಲ್ಲಿ ಕಾರ್ಖಾನೆಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆ, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ. ಅವಳನ್ನು ಕೇಳದೆ ಅದನ್ನೇ ಬರೆದೆ.

ಗುರುತು ಸಿಗಬಾರದೆಂದು ಸತ್ಯವತಿ ಎಂಬ ಹೆಸರು ತೆಗೆದು, ಬರೀ ಮನೆ ಹೆಸರು ಬರೆದೆ. ನಮ್ಮ ಕಡೆ ಇನಿಷಿಯಲ್‌ನಿಂದ ಯಾರನ್ನು ತಾನೇ ಹಿಡಿಯಲಾದೀತು? ಆ ಕರಾವಳಿಯಲ್ಲಿ ಸತ್ಯವತಿಯರು ಬೀದಿಗೆ ನಾಲ್ವರು; ಅವರನ್ನು ಬೇರೆ ಮಾಡಿ ತೋರಿಸುವುದೇ ಮನೆ ಹೆಸರು. ಅದು ನನ್ನ ಮಂಡೆಗೆ ಹೊಳೆಯಲಿಲ್ಲ.

ಮೇಷ್ಟ್ರು ಮೆಚ್ಚಿ ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ನಾನು ಉಬ್ಬಿಹೋದೆ. ಹಿಂದಿನ ಬೆಂಚಿನಲ್ಲಿದ್ದವನು ಅದೇ ಕಾರ್ಖಾನೆಯ ಮೇಲ್ವಿಚಾರಕ ಎಂದು ಗೊತ್ತಾದದ್ದು ಆಮೇಲೆ.

ಮೂರನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಸತ್ಯವತಿ ಮನೆಯಲ್ಲೇ ಇದ್ದಳು. ಅತ್ತು ಮುಖ ಊದಿತ್ತು.

"ನಾಳೆಯಿಂದ ಬರಬೇಡ ಅಂದ್ರು ಅಕ್ಕಾ. ಬೀಗದ ಮಾತು ಹೊರಗೆ ಯಾರಿಗೆ ಹೇಳಿದೆ ಅಂತ ಬೈದ್ರು. ನಿನಗೊಬ್ಬಳಿಗೇ ಅಲ್ವಾ ಹೇಳಿದ್ದು? ನೀನು ಎಲ್ಲಾದ್ರೂ ಅಂದ್ಯಾ?"

"ಇಲ್ಲ," ಎಂದೆ.

"ನಂಗೊತ್ತು ಅಕ್ಕಾ. ನೀನು ಹೇಳೋದಿಲ್ಲ," ಎಂದಳು.

ಮೇಲ್ವಿಚಾರಕನ ಕಾಲು ಹಿಡಿಯುವುದೊಂದು ಬಾಕಿ, ಉಳಿದಂತೆ ಎಲ್ಲ ಬಗೆಯಲ್ಲೂ ಬೇಡಿಕೊಂಡೆ. ಅವನು ಕರಗಲಿಲ್ಲ. ಮೇಷ್ಟ್ರಿಗೆ ಹೇಳಿದರೆ, "ಈಗ ಆ ಬಾಗಿಲಿಗೆ ಬೀಗ ಹಾಕುತ್ತಿಲ್ಲವಂತೆ. ಅಷ್ಟು ಜನಕ್ಕೆ ಒಳ್ಳೆಯದೇ ಆಯಿತಲ್ಲಮ್ಮ," ಎಂದರು. ಇರಬಹುದು. ಸತ್ಯವತಿಗೆ ಮಾತ್ರ ನಿಜ ಹೇಳಲೇ ಇಲ್ಲ. ಸುಳ್ಳಿಗೆ ಯಾವ ರಿಯಾಯಿತಿಯೂ ಇಲ್ಲ ಎನ್ನುವ ಆ ಎರಡನೇ ಸಿದ್ಧಾಂತವನ್ನೇ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದೆ.

ಸತ್ಯವತಿ ಬಾಡಿಗೆ ಕಟ್ಟಲಾಗದೆ ದುವ್ವಾಡ ಸ್ಟೇಷನ್ನಿನ ಹಿಂದೆ ತಮ್ಮನ ಮನೆ ಸೇರಿ ರವಿಕೆ ಹೊಲಿಯತೊಡಗಿದಳು. ನನಗೆ ವಿಜಯವಾಡಕ್ಕೆ ವರ್ಗವಾಯಿತು. ಇಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ ಮನೆ. ತೆಲುಗು ನಾಲಿಗೆಗೆ ಹತ್ತಿದೆ, ಅದೂ ಸತ್ಯವತಿಯ ತೆಲುಗು. ದಾವಣಗೆರೆಗೆ ಹೋದರೆ, "ನಿನ್ನ ಮಾತು ಯಾಕೋ ಬೇರೆ ಆಗೇತಿ ನೋಡವ್ವ," ಎನ್ನುತ್ತಾಳೆ ಅಮ್ಮ.

ಈ ಸಲ ವರ್ಷಕ್ಕೊಮ್ಮೆ ಸಿಗುವ ರಜೆ ಸಿಕ್ಕಿತು. ಊರಿಗೆ ಬರುತ್ತೇನೆಂದು ಅಮ್ಮನಿಗೆ ಕಾಗದ ಹಾಕಿದ್ದೆ. ಇವತ್ತು ಬೆಳಿಗ್ಗೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತಾಗ, ಎಲ್ಲಿಗೆ ಎಂದು ಗುಮಾಸ್ತೆ ಕೇಳಿದಳು. ದುವ್ವಾಡ ಎಂದೆ.